ಹಳೇ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಸ್ಪೀಡ್ ಸೆನ್ಸರ್ ಕೂರಿಸಿದ್ದು

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಬಿಸಿ ದೋಸೆ ಬಿಟ್ಟು ಪೀಣ್ಯದ ಈ ಶೆಡ್ಡಿಗೆ ಗೇರ್‌ಬಾಕ್ಸ್ ವಿಷ್ಯ ಕೇಳೋಕೆ ಬಂದಿದೀರ ಅಂದ್ರೆ ನಿಮಗೂ ನನ್ ಥರಾನೇ ಹುಚ್ಚಿದೆ ಅಂತಾಯ್ತು.

ಹಳೇ ರಿಯರ್ ವೀಲ್ ಡ್ರೈವ್ ಕಾರುಗಳ ಆಟೊಮ್ಯಾಟಿಕ್ ಬಾಕ್ಸಲ್ಲಿ ಸ್ಪೀಡಿಗೆ ಅಂತ ಇರೋದು ಒಂದು ಕೇಬಲ್, ಅಷ್ಟೇ. ಔಟ್‌ಪುಟ್ ಶಾಫ್ಟ್, ಅಂದ್ರೆ ಬಾಕ್ಸಿಂದ ಹಿಂದಿನ ಚಕ್ರಗಳ ಕಡೆಗೆ ಹೊರಡೋ ದಂಡ, ಅದರ ಮೇಲೊಂದು ಗೇರು, ಅದಕ್ಕೆ ಕಚ್ಕೊಂಡು ಒಂದು ಸಣ್ಣ ಪಿನಿಯನ್, ಅಲ್ಲಿಂದ ಕೇಬಲ್ ಸೀದಾ ಮೀಟರಿಗೆ. ಈಗ ನಾವು ಫ್ಯುಯಲ್ ಇಂಜೆಕ್ಷನ್ ಇಂಜಿನ್ ಕೂರಿಸ್ತೀವಿ, ಅದರ ಇಸಿಯುಗೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರಿಗೆ, ಗಾಡಿ ಓಡ್ತಿದ್ಯಾ ನಿಂತಿದ್ಯಾ ಅಂತ ಗೊತ್ತಾಗ್ಬೇಕು, ಗೊತ್ತಾಗ್ಲಿಲ್ಲ ಅಂದ್ರೆ ಸಿಗ್ನಲ್ ಹತ್ರ ಸ್ಪೀಡ್ ಇಳಿಸ್ತಿದ್ದ ಹಾಗೇ ಐಡಲ್ ತಪ್ಪಿ ಆಫ್ ಆಗೋ ಚಾನ್ಸ್ ಇರುತ್ತೆ, ಅದೂ ಸಿಲ್ಕ್ ಬೋರ್ಡಲ್ಲಿ ಆದ್ರೆ ಕೇಳೋದೇ ಬೇಡ.

ಇಷ್ಟಕ್ಕೆ ಮಾತ್ರ ಆದ್ರೆ ಬಾಕ್ಸ್ ಬಿಚ್ಲೇಬೇಡಿ. ಕೇಬಲ್ ಕೂರೋ ಜಾಗದಲ್ಲೇ ನಡುವೆ ಸೇರಿಸೋ ಸೆನ್ಸರ್ ಸಿಗುತ್ತೆ, ಆ ಕಡೆ ಮೀಟರೂ ಓಡುತ್ತೆ. ಜಪಾನ್ ಲೆಕ್ಕದಲ್ಲಿ ಕೇಬಲ್ ಕಿಲೋಮೀಟರಿಗೆ 637 ಸುತ್ತು, ಸೆನ್ಸರ್ ಸುತ್ತಿಗೆ 4 ಪಲ್ಸ್ (ಕರೆಂಟಿನ ಮಿಡಿತ) ಕೊಡುತ್ತೆ, ಅಂದ್ರೆ ಕಿಲೋಮೀಟರಿಗೆ 2548. ಅಲ್ಲಿನ ಎಷ್ಟೋ ಇಸಿಯುಗಳಿಗೆ ಇದೇ ಲೆಕ್ಕ.

ಆದ್ರೆ ನನಗೆ ಗೇರ್ ಶಿಫ್ಟನ್ನೂ ಒಂದು ಎಲೆಕ್ಟ್ರಾನಿಕ್ ಕಂಟ್ರೋಲರ್ ಕೈಗೆ ಕೊಡ್ಬೇಕಿತ್ತು. ಗಂಟೆಗೆ 5 ಕಿ.ಮೀ. ಸ್ಪೀಡಲ್ಲಿ ಈ ಕೇಬಲ್ ಸೆನ್ಸರ್ ಸೆಕೆಂಡಿಗೆ ಮೂರೂವರೆ ಪಲ್ಸ್ ಕೊಡುತ್ತೆ, ಅದನ್ನ ನಂಬ್ಕೊಂಡು ಯಾವ ಕಂಟ್ರೋಲರ್ ತಾನೇ ನೀಟಾಗಿ ಡೌನ್‌ಶಿಫ್ಟ್ ಮಾಡುತ್ತೆ? ಅದಕ್ಕೆ ಶಾಫ್ಟ್ ಮೇಲೇ 40 ಹಲ್ಲಿನ ಚಕ್ರ ಹಾಕಿ, ಒಂದೊಂದು ಹಲ್ಲು ಹಾದಾಗಲೂ ಎದುರಿನ ಸೆನ್ಸರ್ ಒಂದು ಪಲ್ಸ್ ಕೊಡೋ ಹಾಗೆ ಮಾಡೋಣ ಅಂದ್ಕೊಂಡೆ, ಜನರಲ್ ಮೋಟಾರ್ಸ್‌ನವರ 4ಎಲ್60ಇ ಬಾಕ್ಸಲ್ಲಿ ಇರೋ ಹಾಗೆ. ಟೈರ್ ಸುತ್ತಳತೆ 2 ಮೀಟರ್, ಡಿಫರೆನ್ಷಿಯಲ್ 4.1, ಅಂದ್ರೆ ಟೈರ್ ಒಂದು ಸುತ್ತಿಗೆ ಶಾಫ್ಟ್ 4.1 ಸುತ್ತು, ಹಾಗಾಗಿ ಕಿಲೋಮೀಟರಿಗೆ ಶಾಫ್ಟ್ 2050 ಸುತ್ತು, 82,000 ಪಲ್ಸ್. ಅದೇ 5 ಕಿ.ಮೀ.ಗೆ ಸೆಕೆಂಡಿಗೆ 114 ಬಂತು ನೋಡಿ!

ಸೆನ್ಸರ್ ಕೂರಿಸೋಕೆ ತೂತು ಬೇಕು, ಟೈಲ್ ಹೌಸಿಂಗನ್ನ (ಬಾಕ್ಸಿನ ಹಿಂಬದಿ ಕವಚ) ಬಾಕ್ಸಿಂದ ಬಿಚ್ಚಿ ಹೊರಗೆ ತಂದೇ ಕೊರೀರಿ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿ, ಒಂದು ಚೂರು ಲೋಹದ ಪುಡಿ ವಾಲ್ವ್ ಬಾಡಿಗೆ, ಅಂದ್ರೆ ಗೇರ್ ಬದಲಾಯಿಸೋ ಆಯಿಲನ್ನ ಹಂಚೋ ಭಾಗಕ್ಕೆ, ಹೋಯ್ತು ಅಂದ್ರೆ ವಾಲ್ವ್ ಸಿಕ್ಕಾಕ್ಕೊಳ್ಳುತ್ತೆ. ಹೌಸಿಂಗ್ ಅಲ್ಯುಮಿನಿಯಂ, ಹಾಗಾಗಿ ಸೆನ್ಸರ್ ಒಳಗಿನ ಮ್ಯಾಗ್ನೆಟ್ಟಿಗೆ ತೊಂದ್ರೆ ಇಲ್ಲ. ಶಾಫ್ಟ್ ಸ್ವಲ್ಪ ಹಿಂದೆ ಮುಂದೆ ಆಡುತ್ತಲ್ಲ, ಅದಕ್ಕೆ ಹಲ್ಲು ಅಗಲ ಇರ್ಲಿ. ಚಕ್ರನ ಕಾಯಿಸಿ ಬಿಗಿಯಾಗಿ ಕೂರಿಸ್ಬೇಕು, ಜಾರಿದ್ರೆ ಗಾಡಿ ಓಡ್ತಿದ್ರೂ ಕಂಟ್ರೋಲರಿಗೆ ನಿಂತ ಹಾಗೆ ಕಾಣುತ್ತೆ. ಸೆನ್ಸರ್ ತುದಿಗೂ ಹಲ್ಲಿಗೂ ಸುಮಾರು 1 ಮಿ.ಮೀ. ಬಿಟ್ಟೆ, ವಾಷರ್ ಹಾಕಿ ಹಾಕಿ ಹೊಂದಿಸಿದ್ದು.

ಇನ್ನು ನಾನು ಪೆದ್ದ ಆದ ಕಥೆ. ಲೇತ್ ಶಾಪಿನೋರು ಚಕ್ರ ಮಾಡ್ಕೊಟ್ರು, ಫಳಫಳ ಅಂತ, ನೋಡಿ ಖುಷಿಯಾಗಿ ಟೀ ಕೊಡ್ಸಿ ಬಂದೆ. ಎಲ್ಲಾ ಜೋಡಿಸಿ, ಗಾಡಿಯ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ ಓಡಿಸಿದ್ರೆ ಸೆನ್ಸರಿಂದ ಬಂದಿದ್ದು ಸೊನ್ನೆ. ಎರಡು ದಿನ ವೈರಿಂಗ್ ಹುಡುಕ್ದೆ, ಎಸ್‌ಪಿ ರೋಡಿಗೆ ಹೋಗಿ ಹೊಸ ಕನೆಕ್ಟರ್ ತಂದೆ, ಸೆನ್ಸರ್ ಬದಲಾಯಿಸ್ದೆ, ಮತ್ತೆ ಸೊನ್ನೆ. ಕೊನೆಗೆ ನನ್ ಮಗಳು ಫ್ರಿಜ್ಜಿನ ಮ್ಯಾಗ್ನೆಟ್ ತಂದು ಆ ಹಲ್ಲಿನ ಚಕ್ರಕ್ಕೆ ಅಂಟಿಸೋಕೆ ನೋಡಿದ್ಲು, ಟಪ್ ಅಂತ ಬಿತ್ತು. 304 ಸ್ಟೇನ್‌ಲೆಸ್, ಮ್ಯಾಗ್ನೆಟ್ ಹಿಡಿಯದ ಸ್ಟೀಲು! ನಾನು ಹಾಕಿದ್ದ ಎರಡು ವೈರಿನ ಸೆನ್ಸರಲ್ಲಿ ಇರೋದು ಮ್ಯಾಗ್ನೆಟ್ ಮತ್ತು ಕಾಯಿಲ್, ಕಬ್ಬಿಣದ ಹಲ್ಲು ಎದುರು ಹಾದು ಹೋದ್ರೇನೇ ಕರೆಂಟ್ ಹುಟ್ಟೋದು. ಅವರದೇನೂ ತಪ್ಪಿಲ್ಲ, ಮೆಟೀರಿಯಲ್ ಯಾವ್ದು ಅಂತ ನಾನು ಹೇಳಿರ್ಲಿಲ್ಲ. ಮೈಲ್ಡ್ ಸ್ಟೀಲಲ್ಲಿ ಮಾಡಿಸ್ದೆ, ಮೊದಲ ಸಲಕ್ಕೇ ಬಂತು.

ಸೆನ್ಸರಿನ ವೈರ್ ಎರಡನ್ನೂ ಹೆಣೆದು ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಒಳಗೆ ತನ್ನಿ, ಶೀಲ್ಡಿಗೆ ಒಂದೇ ತುದಿಯಲ್ಲಿ ಅರ್ತ್, ಇಗ್ನಿಷನ್ ಕಾಯಿಲ್ ಪಕ್ಕ ಬೇಡ. ಇಂಜಿನ್ ಇಸಿಯುಗೆ ಇದೇ ಸಿಗ್ನಲನ್ನ 32ರಿಂದ ಭಾಗಿಸಿ ಕೊಟ್ಟಿದೀನಿ, 2548ರ ಹತ್ತಿರಕ್ಕೆ ಬರುತ್ತೆ, ಜಿಪಿಎಸ್ ಜೊತೆ ನೋಡಿದ್ರೆ ಸಾಕಷ್ಟು ಸರಿ ಇದೆ.

ಆ ಸ್ಟೇನ್‌ಲೆಸ್ ಚಕ್ರ ಮೇಜಿನ ಮೇಲಿದೆ, ಮ್ಯಾಗ್ನೆಟ್ಟೂ ಪಕ್ಕದಲ್ಲಿದೆ, ಟೀ ಬರೋವಷ್ಟರಲ್ಲಿ ಅಂಟಿಸಿ ನೋಡಿ.