ಕೀ ತಿರುಗಿಸಿದರೂ ಸದ್ದಿಲ್ಲ: ಟ್ರ್ಯಾಕ್ಟರಿನ ಇಗ್ನಿಷನ್ ಸ್ವಿಚ್ ಬದಲಿಸುವುದು

ಮೊದಲು ಇದನ್ನೊಮ್ಮೆ ನೋಡಿಬಿಡಿ. ಕೀಯನ್ನು ಒಂದು ಹಂತ ತಿರುಗಿಸಿದೆ; ಚಾರ್ಜಿಂಗ್ ದೀಪ, ಆಯಿಲ್ ದೀಪ ಎರಡೂ ಹತ್ತಿದವು. ಮುಂದಿನ ಹಂತಕ್ಕೆ ತಿರುಗಿಸಿ ಹಿಡಿದಿದ್ದೇನೆ. ಏನೂ ಇಲ್ಲ. ಟಕ್ ಎನ್ನುವ ಸದ್ದು ಕೂಡ ಇಲ್ಲ. ಈಗ ಅದೇ ಕೀಯನ್ನು ಸ್ವಲ್ಪ ಮೇಲಕ್ಕೆ ಒತ್ತಿ ಹಿಡಿದು ತಿರುಗಿಸುತ್ತೇನೆ. ಸೆಲ್ಫ್ ಹೊಡೆಯಿತು, ಎಂಜಿನ್ ಶುರುವಾಯಿತು. ಕೆಲವು ವಾರಗಳಿಂದ ಈ ಟ್ರ್ಯಾಕ್ಟರ್ ಹೀಗೆಯೇ ನಡೆಯುತ್ತಿದೆ. ಕೀಯನ್ನು ಯಾವ ಓರೆಯಲ್ಲಿ ಹಿಡಿಯಬೇಕು ಎಂಬುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿರುವುದರಿಂದ ಯಾರೂ ದೂರಲಿಲ್ಲ. ಈ ಬಗೆಯ ಹೊಂದಾಣಿಕೆ ನನಗೆ ಹಿಡಿಸುವುದಿಲ್ಲ. ಇವತ್ತು ಕೆಲಸಕ್ಕೆ ಬಿಡುವಿದೆ, ಇದಕ್ಕೊಂದು ಗತಿ ಕಾಣಿಸೋಣ.

ಆದರೆ ತಕ್ಷಣ ಬಿಚ್ಚುವುದಿಲ್ಲ. ಕೀ ಅಲುಗಾಡಿಸಿದರೆ ಶುರುವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹೊಸ ಸ್ವಿಚ್ ತಂದು ಹಾಕಿ, ಆಮೇಲೂ ಅದೇ ತೊಂದರೆ ಕಂಡು ಬ್ಯಾಟರಿ ಬದಲಿಸಿ, ಸೆಲ್ಫ್ ಮೋಟಾರನ್ನೂ ಬಿಚ್ಚಿಸಿ, ಕೊನೆಗೆ ತಪ್ಪು ಒಂದು ಸಡಿಲ ಅರ್ಥ್ ವೈರಿನಲ್ಲಿತ್ತೆಂದು ಕಂಡುಕೊಂಡವರಿದ್ದಾರೆ. ಕರೆಂಟು ಹಾದುಬರುವ ದಾರಿ ನಾವು ಅಂದುಕೊಂಡದ್ದಕ್ಕಿಂತ ಉದ್ದ. ಬ್ಯಾಟರಿಯಿಂದ ಮುಖ್ಯ ಫ್ಯೂಸ್, ಅಲ್ಲಿಂದ ಇಗ್ನಿಷನ್ ಸ್ವಿಚ್. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಕ್ಲಚ್ ಒತ್ತಿದೆಯೇ ಎಂದು ನೋಡುವ ಸುರಕ್ಷತಾ ಸ್ವಿಚ್‌ಗಳು. ಕೆಲವು ಮಾದರಿಗಳಲ್ಲಿ ಪಿಟಿಒ (ಹಿಂದಿನ ಉಪಕರಣಕ್ಕೆ ಎಂಜಿನ್ನಿನ ಶಕ್ತಿ ಕೊಡುವ ದಂಡ) ಸ್ವಿಚ್, ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಕಡೆಗೆ ಸೆಲ್ಫ್ ಮೋಟಾರಿನ ಮೇಲೆ ಕುಳಿತಿರುವ ಸೊಲೆನಾಯ್ಡ್, ಅಂದರೆ ಕರೆಂಟು ಬಂದೊಡನೆ ಆಯಸ್ಕಾಂತದಂತೆ ಎಳೆದು ಮೋಟಾರಿಗೆ ಕರೆಂಟು ಬಿಡುವ ಭಾಗ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಸೀಟಿನಲ್ಲಿ ಕುಳಿತವನಿಗೆ ಗೊತ್ತಾಗುವುದು ಇಷ್ಟೇ: ಕೀ ತಿರುಗಿಸಿದೆ, ಏನೂ ಆಗಲಿಲ್ಲ.

ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಸ್ವಿಚ್ಚಿನ ಕೆಲಸ ಮೀಟರು ಮತ್ತು ದೀಪಗಳಿಗೆ ಕರೆಂಟು ಕೊಡುವುದು, ಸೆಲ್ಫ್ ಹೊಡೆಸುವುದು, ಕೆಲವು ಟ್ರ್ಯಾಕ್ಟರುಗಳಲ್ಲಿ ಇಂಧನ ನಿಲ್ಲಿಸುವ ಸೊಲೆನಾಯ್ಡನ್ನು ನಡೆಸುವುದು. ಎಳೆದು ನಿಲ್ಲಿಸುವ ಸ್ಟಾಪ್ ಕೇಬಲ್ ಇರುವ ಹಳೆಯ ಮಾದರಿಗಳಲ್ಲಿ ಎಂಜಿನ್ ಒಮ್ಮೆ ಶುರುವಾದರೆ ಕೀ ತೆಗೆದರೂ ಓಡುತ್ತಲೇ ಇರುತ್ತದೆ. ಓಡುವಷ್ಟು ಹೊತ್ತೂ ಕರೆಂಟು ಬೇಡುವ ಇಂಧನ ಸೊಲೆನಾಯ್ಡ್ ಇರುವಲ್ಲಿ ಮಾತ್ರ ಕತೆ ಬೇರೆ: ಗುಂಡಿಗೆ ಚಕ್ರ ಇಳಿದಾಗಲೆಲ್ಲ ಎಂಜಿನ್ ಕೆಮ್ಮಿ ನಿಲ್ಲುತ್ತಿದ್ದರೆ ಡೀಸೆಲ್ ಫಿಲ್ಟರನ್ನು ಶಂಕಿಸುವುದರ ಜೊತೆಗೆ ಸ್ವಿಚ್ಚನ್ನೂ ಒಮ್ಮೆ ಅಲುಗಾಡಿಸಿ ನೋಡಬೇಕು.

ಎಂಜಿನ್ ನಿಲ್ಲಿಸಿದೆ. ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಹಾಕಿದೆ, ಪಿಟಿಒ ಬಿಡಿಸಿದೆ, ಹಿಂದಿನ ಉಪಕರಣವನ್ನು ನೆಲಕ್ಕಿಳಿಸಿದ್ದೇನೆ, ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದೇನೆ. ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸ್ವಿಚ್ ಕೆಟ್ಟಾಗ ಬಹಳ ಜನ ಮಾಡುವುದು ಏನೆಂದರೆ, ನೆಲದ ಮೇಲೆ ನಿಂತು, ಸ್ಕ್ರೂಡ್ರೈವರ್ ಹಿಡಿದು ಸೆಲ್ಫ್ ಮೋಟಾರಿನ ಎರಡು ಟರ್ಮಿನಲ್‌ಗಳನ್ನು ನೇರವಾಗಿ ಜೋಡಿಸಿಬಿಡುವುದು. ಹಾಗೆ ಮಾಡಿದಾಗ ನ್ಯೂಟ್ರಲ್ ಸ್ವಿಚ್, ಕ್ಲಚ್ ಸ್ವಿಚ್ ಎರಡೂ ಲೆಕ್ಕಕ್ಕಿಲ್ಲ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಆ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ, ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ಹೀಗೆ ಸತ್ತವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಅದು ಚಾಣಾಕ್ಷತನ ಎಂದು ತೋರಿಸುವ ವಿಡಿಯೊಗಳನ್ನು ಕಂಡರೆ ನನಗೆ ಕೋಪ ಬರುತ್ತದೆ.

ಸರಿ, ಬ್ಯಾಟರಿ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರಿನಲ್ಲಿ ಅಳೆದರೆ ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಇದರಲ್ಲಿ 12.4 ಇದೆ, ಹೊಸ ಬ್ಯಾಟರಿ ಅಲ್ಲ, ಆದರೂ ಪರವಾಗಿಲ್ಲ. ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕೆಳಗೆ ಇಳಿಯಬಾರದು. ಟರ್ಮಿನಲ್‌ಗಳ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅರ್ಥ್ ವೈರ್ ಚಾಸಿಗೆ ಸೇರುವ ಜಾಗವನ್ನೂ ಮರೆಯಬಾರದು. ಬಣ್ಣ, ತುಕ್ಕು, ಕೆಸರು ಎಲ್ಲ ಸೇರಿಕೊಳ್ಳುವುದು ಅಲ್ಲೇ.

ಮೀಟರ್ ಇಲ್ಲದವರಿಗೆ ಒಂದು ಸುಲಭ ಪರೀಕ್ಷೆ ಇದೆ. ಹೆಡ್‌ಲೈಟ್ ಹಾಕಿ, ಯಾರಾದರೂ ಕೀ ತಿರುಗಿಸಲಿ, ನೀವು ಮುಂದೆ ನಿಂತು ಬೆಳಕು ನೋಡಿ. ಟ್ರ್ಯಾಕ್ಟರಿನ ನೇರಕ್ಕೆ ಅಲ್ಲ, ಪಕ್ಕಕ್ಕೆ ಸರಿದು. ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿಯಲ್ಲೋ, ದಪ್ಪ ಕೇಬಲ್ಲುಗಳಲ್ಲೋ, ಸೆಲ್ಫ್ ಮೋಟಾರಿನಲ್ಲೋ ತೊಂದರೆ. ಬೆಳಕು ಕದಲದೆ ಇದ್ದು ಸೆಲ್ಫ್ ಸದ್ದೇ ಮಾಡದಿದ್ದರೆ, ಸೊಲೆನಾಯ್ಡಿಗೆ ಕರೆಂಟು ತಲುಪುತ್ತಿಲ್ಲ ಎಂದು ಹೆಚ್ಚುಕಡಿಮೆ ಖಚಿತ. ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ವಿಚ್ಚೇ ಸ್ಟಾರ್ಟ್ ಹಂತದಲ್ಲಿ ಹೆಡ್‌ಲೈಟನ್ನು ಕತ್ತರಿಸುತ್ತದೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಇದರಲ್ಲಿ ಬೆಳಕು ಕದಲಲಿಲ್ಲ, ನೋಡಿ.

ಸದ್ದಿಗೂ ಒಂದು ಲೆಕ್ಕವಿದೆ. ಟಕ ಟಕ ಟಕ ಎಂದು ಬಡಿದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ. ಸೊಲೆನಾಯ್ಡಿನ ಒಳಗೆ ಎರಡು ಸುರುಳಿಗಳಿರುತ್ತವೆ. ಒಂದು ಎಳೆಯಲು, ಇನ್ನೊಂದು ಎಳೆದದ್ದನ್ನು ಹಿಡಿದಿಡಲು. ಎಳೆದೊಡನೆ ಮೋಟಾರಿಗೆ ಭಾರಿ ಕರೆಂಟು ಹರಿಯುತ್ತದೆ, ಸೋತ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಹಿಡಿತ ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಗಟ್ಟಿಯಾಗಿ ಒಂದೇ ಸಲ ಠಕ್ ಎಂದು ಮೌನವಾದರೆ ಸೊಲೆನಾಯ್ಡಿನ ಒಳಗಿನ ಕಾಂಟ್ಯಾಕ್ಟ್ ಅಥವಾ ಮೋಟಾರಿನ ಬ್ರಷ್ ಮೇಲೆ ಅನುಮಾನ. ಸಂಪೂರ್ಣ ಮೌನ ನಮ್ಮ ಇವತ್ತಿನ ರೋಗಿಯದು.

ಈಗ ಮೀಟರಿನ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಸೊಲೆನಾಯ್ಡಿನ ಮೇಲೆ ದಪ್ಪ ಕೇಬಲ್ಲುಗಳ ನಡುವೆ ಈ ಚಿಕ್ಕ ವೈರ್ ಇದೆಯಲ್ಲ, ಸ್ವಿಚ್ಚಿನಿಂದ ಬರುವುದು ಇದೇ. ಇದನ್ನು ಬಿಚ್ಚಿ ಮೀಟರಿನ ಕಡ್ಡಿ ಇಟ್ಟೆ. ನನ್ನ ತಮ್ಮ ಸೀಟಿನ ಮೇಲೆ ಕುಳಿತು ಕೀ ತಿರುಗಿಸಿದ. 12.3. ಎಲ್ಲ ಸರಿಯಿದೆ ಎಂದು ತಮ್ಮ ತೀರ್ಪು ಕೊಟ್ಟಾಯಿತು. ಸೆಲ್ಫ್ ಮೋಟಾರಿಗೆ ಸುತ್ತಿಗೆಯಿಂದ ಎರಡೇಟು ಹಾಕೋಣ ಎನ್ನುತ್ತಿದ್ದಾನೆ. ಸ್ವಲ್ಪ ತಡೆಯಬೇಕು. ಮಲ್ಟಿಮೀಟರ್ ಬಹಳ ಕಡಿಮೆ ಕರೆಂಟು ಎಳೆಯುತ್ತದೆ. ಸುಟ್ಟು ಕರಕಾದ ಕಾಂಟ್ಯಾಕ್ಟಿನ ಮೂಲಕವೂ ಅದಕ್ಕೆ ಬೇಕಾದಷ್ಟು ಸಿಕ್ಕಿಬಿಡುತ್ತದೆ. ಅದೇ ಜಾಗದಲ್ಲಿ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಹಿಡಿದರೆ ಸ್ವಲ್ಪವಾದರೂ ಹೊರೆ ಬೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ವೈರನ್ನು ಅದರ ಜಾಗಕ್ಕೆ ಜೋಡಿಸಿಯೇ, ಸೊಲೆನಾಯ್ಡ್ ಕರೆಂಟು ಎಳೆಯಲು ಹವಣಿಸುತ್ತಿರುವಾಗಲೇ ಅಳೆಯುವುದು. ಜೋಡಿಸಿದೆ. ತಿರುಗಿಸು. ಈಗ ನೋಡಿ: ನಾಲ್ಕು, ಐದು, ಮತ್ತೆ ನಾಲ್ಕು. ಹನ್ನೆರಡು ಎಲ್ಲಿಗೆ ಹೋಯಿತು?

ಎಲ್ಲಿಗೆ ಹೋಯಿತೆಂದು ಹುಡುಕಲು ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ತೆಗೆದಿದ್ದೇನೆ. ಸ್ವಿಚ್ಚಿನ ಬೆನ್ನಲ್ಲಿ ಸಂಖ್ಯೆಗಳು ಕಾಣುತ್ತವೆ. 30 ಎಂದರೆ ಬ್ಯಾಟರಿಯಿಂದ ಬರುವ ವೈರ್, 15 ಎಂದರೆ ಆನ್ ಹಂತದಲ್ಲಿ ಕರೆಂಟು ಪಡೆಯುವುದು, 50 ಎಂದರೆ ಸೆಲ್ಫ್‌ಗೆ ಹೋಗುವುದು. ಇವು ಜರ್ಮನಿಯ ಡಿನ್ 72552 ಮಾನದಂಡದ ಸಂಖ್ಯೆಗಳು. ಬೇರೆ ತಯಾರಕರು ಬಿ, ಐಜಿ, ಎಸ್‌ಟಿ ಎಂಬ ಅಕ್ಷರಗಳನ್ನು ಬಳಸುತ್ತಾರೆ. ವೈರಿನ ಬಣ್ಣವನ್ನು ಮಾತ್ರ ನಂಬಬೇಡಿ, ಹಳೆಯ ಟ್ರ್ಯಾಕ್ಟರಿನಲ್ಲಿ ಯಾರು ಯಾವಾಗ ಯಾವ ತುಂಡನ್ನು ಸೇರಿಸಿದ್ದಾರೋ ಹೇಳಲಾಗದು.

ಮೀಟರಿನ ಒಂದು ಕಡ್ಡಿ 30ರ ಮೇಲೆ, ಇನ್ನೊಂದು 50ರ ಮೇಲೆ. ಹೀಗೆ ಇಟ್ಟಾಗ ಮೀಟರ್ ತೋರಿಸುವುದು ಸ್ವಿಚ್ಚಿನ ಒಳಗೇ ಕಳೆದುಹೋಗುವ ವೋಲ್ಟೇಜನ್ನು. ಕೀ ಸ್ಟಾರ್ಟ್ ಹಂತದಲ್ಲಿರುವಾಗ ಇದು ಅರ್ಧ ವೋಲ್ಟ್ ಕೂಡ ದಾಟಬಾರದು. ಇಲ್ಲಿ ಏಳರ ಮೇಲಿದೆ. ತಮ್ಮ ಕೀಯನ್ನು ಮೇಲಕ್ಕೆ ಒತ್ತಿದ. ಅಂಕಿ ಕೆಳಗಿಳಿಯಿತು, ಸೆಲ್ಫ್ ಹೊಡೆಯಿತು. ಸುತ್ತಿಗೆಯನ್ನು ಒಳಗಿಡಬಹುದು. ಸ್ವಿಚ್ ತಪ್ಪಿತಸ್ಥ ಎಂದು ಈಗ ಧೈರ್ಯವಾಗಿ ಹೇಳಬಹುದು.

30ಕ್ಕೆ ಬರುವ ವೋಲ್ಟೇಜೇ ಕಡಿಮೆ ಇದ್ದರೆ ತಪ್ಪು ಸ್ವಿಚ್ಚಿಗಿಂತ ಹಿಂದೆ, ಫ್ಯೂಸಿನಲ್ಲೋ ಕೊಂಡಿಯಲ್ಲೋ ಇರುತ್ತದೆ. 50ರಲ್ಲಿ ಪೂರ್ತಿ ಇದ್ದು ಸೊಲೆನಾಯ್ಡಿನಲ್ಲಿ ಇಲ್ಲದಿದ್ದರೆ ತಪ್ಪು ಮುಂದೆ, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್ಚಿನಲ್ಲಿ. ಕ್ಲಚ್ ಸ್ವಿಚ್ ಪೆಡಲಿನ ಬುಡದಲ್ಲಿ ಮಣ್ಣು ತಿನ್ನುತ್ತಾ ಕೂತಿರುವುದರಿಂದ ಅದು ಕೆಡುವುದೂ ಅಪರೂಪವಲ್ಲ. ಕೆಟ್ಟರೆ ಹೊಸದು ಹಾಕಿ. ವೈರ್ ತಿರುಚಿ ನೇರ ಮಾಡಿಬಿಡಬೇಡಿ.

ಈಗ ಬಿಚ್ಚುವ ಕೆಲಸ. ಬ್ಯಾಟರಿಯ ನೆಗೆಟಿವ್ ಮೊದಲು. ಪಾಸಿಟಿವ್ ಬಿಚ್ಚುವಾಗ ಪಾನಾ ಚಾಸಿಗೆ ತಾಗಿದರೂ ಕಿಡಿ ಹಾರದಿರಲಿ ಎಂದು ಈ ಕ್ರಮ. ವೈರುಗಳನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ, ಒಂದೊಂದಕ್ಕೂ ಟೇಪ್ ಸುತ್ತಿ ಸಂಖ್ಯೆ ಬರೆದೆ. ಮುಂಭಾಗದ ಸುತ್ತು ನಟ್ ಸಡಿಲಿಸಿದರೆ ಸ್ವಿಚ್ ಹಿಂದಕ್ಕೆ ಜಾರಿ ಕೈಗೆ ಬರುತ್ತದೆ. ಕೊಂಡಿಗಳನ್ನು ಎಳೆಯುವಾಗ ಲೋಹದ ತುದಿ ಹಿಡಿಯಿರಿ, ವೈರ್ ಹಿಡಿದು ಜಗ್ಗಬೇಡಿ.

ಇಲ್ಲಿ ಕ್ಯಾಮೆರಾ ಹತ್ತಿರ ತರುತ್ತೇನೆ. 50ರ ಕೊಂಡಿಯ ಪ್ಲಾಸ್ಟಿಕ್ ಕಂದಾಗಿದೆ, ಅಂಚು ಕರಗಿದೆ. ಕಾರಣ ಸರಳ. ಕಾಂಟ್ಯಾಕ್ಟಿನಲ್ಲಿ ಬರೀ 0.1 ಓಮ್ ತಡೆ ಹುಟ್ಟಿದರೂ 30 ಆಂಪಿಯರ್ ಹರಿದಾಗ 3 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ, 90 ವ್ಯಾಟ್ ಶಾಖವಾಗುತ್ತದೆ. ಹೆಬ್ಬೆರಳಿನ ಗಾತ್ರದ ಸ್ವಿಚ್ಚಿನೊಳಗೆ 90 ವ್ಯಾಟ್! ಶಾಖಕ್ಕೆ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ತಡೆ ಹೆಚ್ಚುತ್ತದೆ, ತಡೆ ಹೆಚ್ಚಿದಷ್ಟೂ ಶಾಖ. ಕುತೂಹಲಕ್ಕೆ ಹಳೆಯ ಸ್ವಿಚ್ಚಿನ ತಗಡಿನ ಮಡಿಕೆ ಬಿಡಿಸಿದ್ದೇನೆ: ಒಳಗಿನ ತಾಮ್ರದ ತಟ್ಟೆಯಲ್ಲಿ ಕಿಡಿ ಕೊರೆದ ಹೊಂಡ, ಗಟ್ಟಿಯಾದ ಗ್ರೀಸ್, ಸಣ್ಣ ಧೂಳು. ಇದನ್ನು ಉಜ್ಜಿ ಮತ್ತೆ ಹಾಕಬಹುದಲ್ಲ ಎಂದು ಕೇಳುವವರಿಗೆ: ಉಜ್ಜಬಹುದು, ಕೆಲವು ದಿನ ಓಡುತ್ತದೆ. ನಾನು ಹಾಕುವುದಿಲ್ಲ.

ಹೊಸ ಸ್ವಿಚ್ ಆರಿಸುವಾಗ ಹೊರರೂಪ ಒಂದೇ ಆಗಿದ್ದರೆ ಸಾಲದು. ಟರ್ಮಿನಲ್ ಎಷ್ಟು, ಹಂತ ಎಷ್ಟು, ಯಾವ ಹಂತದಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆ ಎಂಬುದು ತಾಳೆಯಾಗಬೇಕು. ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಬಿಸಿ ಮಾಡುವ ಹಂತ ಬೇರೆಯೇ ಬೇಕು. ಬ್ಯಾಟರಿ ಇಲ್ಲದೆ ತಾನೇ ಕಿಡಿಯ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ ಇರುವ ಹಳೆಯ ಪೆಟ್ರೋಲ್ ಟ್ರ್ಯಾಕ್ಟರುಗಳಲ್ಲಂತೂ ವ್ಯವಹಾರವೇ ತಿರುಗುಮುರುಗು: ಅಲ್ಲಿ ಆಫ್ ಮಾಡಿದಾಗ ಸ್ವಿಚ್ ಮ್ಯಾಗ್ನೆಟೊವನ್ನು ಅರ್ಥ್‌ಗೆ ಸೇರಿಸಿ ಕಿಡಿ ನಿಲ್ಲಿಸುತ್ತದೆ. ಅಂಥದಕ್ಕೆ ಈ ಬಗೆಯ ಸ್ವಿಚ್ ಹಾಕಿ ಆನ್ ಮಾಡಿದರೆ ಬ್ಯಾಟರಿಯ 12 ವೋಲ್ಟ್ ಮ್ಯಾಗ್ನೆಟೊಗೆ ನುಗ್ಗಿ ಅದನ್ನು ಹಾಳು ಮಾಡಬಹುದು.

ಹೊಸದೆಂದ ಮಾತ್ರಕ್ಕೆ ನಂಬದೆ, ಜೋಡಿಸುವ ಮೊದಲೇ ಮೀಟರನ್ನು ಬೀಪ್ ಹಂತಕ್ಕಿಟ್ಟು (ಎರಡು ಟರ್ಮಿನಲ್ ಒಳಗೆ ಸೇರಿದ್ದರೆ ಸದ್ದು ಮಾಡುತ್ತದೆ) ನೋಡುತ್ತೇನೆ. ಆಫ್‌ನಲ್ಲಿ 30ಕ್ಕೆ 15 ಮತ್ತು 50 ಎರಡೂ ಸೇರಬಾರದು. ಆನ್‌ನಲ್ಲಿ 15 ಮಾತ್ರ. ಸ್ಟಾರ್ಟ್‌ನಲ್ಲಿ 15, 50 ಎರಡೂ. ಕೈ ಬಿಟ್ಟರೆ ಸ್ಪ್ರಿಂಗ್ ತಾನಾಗಿ ಹಿಂದಕ್ಕೆ ಬರಬೇಕು; ಅದು ಅಂಟಿಕೊಂಡರೆ ಎಂಜಿನ್ ಶುರುವಾದ ಮೇಲೂ ಸೆಲ್ಫ್ ಸುತ್ತುತ್ತಲೇ ಇದ್ದು ಸುಟ್ಟುಹೋಗುತ್ತದೆ.

ಕರಗಿದ ಕೊಂಡಿಯನ್ನು ಕತ್ತರಿಸಿ, ಒಳಗಿನ ತಾಮ್ರ ಹೊಳೆಯುವ ತನಕ ವೈರ್ ಸುಲಿದು, ಹೊಸ ಕೊಂಡಿಯನ್ನು ಸರಿಯಾದ ಇಕ್ಕಳದಲ್ಲಿ ಅಮುಕಿದ್ದೇನೆ. ಸ್ವಿಚ್ ಬದಲಿಸುವವರಲ್ಲಿ ಹಲವರು ಇದೊಂದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಹೊಸ ಸ್ವಿಚ್ಚೂ ಬೇಗ ಕೆಟ್ಟಿತೆಂದು ತಯಾರಕರನ್ನು ಬೈಯುತ್ತಾರೆ. ಸ್ವಿಚ್ಚಿನ ಮೇಲಿನ ಚಪ್ಪಟೆ ಅಂಚು ರಂಧ್ರದ ಚಪ್ಪಟೆ ಅಂಚಿಗೆ ಕೂರಬೇಕು, ಇಲ್ಲವಾದರೆ ಕೀ ಜೊತೆ ಇಡೀ ಸ್ವಿಚ್ಚೇ ತಿರುಗಿ ವೈರುಗಳನ್ನು ತಿರುಚುತ್ತದೆ. ನಟ್ ಬಿಗಿಯಾಗಲಿ, ಪ್ಲಾಸ್ಟಿಕ್ ಸೀಳುವಷ್ಟು ಬೇಡ.

ಈ ಟ್ರ್ಯಾಕ್ಟರಿನಲ್ಲಿ ಸೊಲೆನಾಯ್ಡಿನ ಕರೆಂಟು ಪೂರ್ತಿ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ, ನಡುವೆ ರಿಲೇ ಇಲ್ಲ. ಹಳೆಯದು ಸತ್ತದ್ದು ಇದೇ ಹೊರೆಯಿಂದ. ಆದ್ದರಿಂದ ಒಂದು ರಿಲೇ ಸೇರಿಸುತ್ತಿದ್ದೇನೆ. ಮೊದಲು ಸೊಲೆನಾಯ್ಡಿಗೆ ಹೋಗುತ್ತಿದ್ದ ಚಿಕ್ಕ ವೈರ್ ಈಗ ರಿಲೇಯ 86 ಎಂಬ ಟರ್ಮಿನಲ್‌ಗೆ, 85 ಅರ್ಥ್‌ಗೆ, ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ರಿಲೇಯ 30ಕ್ಕೆ, 87ರಿಂದ ಸೊಲೆನಾಯ್ಡಿಗೆ. ಸುರಕ್ಷತಾ ಸ್ವಿಚ್‌ಗಳು ಇನ್ನೂ 86ರ ದಾರಿಯಲ್ಲೇ ಇವೆ ಎಂಬುದನ್ನು ಗಮನಿಸಿ. ರಿಲೇಯ ಸುರುಳಿ ಎಳೆಯುವುದು ಸುಮಾರು 0.2 ಆಂಪಿಯರ್, ಸ್ವಿಚ್ಚಿಗೆ ಇನ್ನು ಮೇಲೆ ಅಷ್ಟೇ ಭಾರ. ನಿಮ್ಮದರಲ್ಲಿ ಕಾರ್ಖಾನೆಯಿಂದಲೇ ರಿಲೇ ಬಂದಿದ್ದರೆ ಈ ಭಾಗ ನಿಮಗೆ ಬೇಕಿಲ್ಲ.

ಬ್ಯಾಟರಿ ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಸೀಟಿನ ಮೇಲೆ ಕುಳಿತು, ಕ್ಲಚ್ ಒತ್ತಿ, ಕೀ ತಿರುಗಿಸಿದೆ. ಮೊದಲ ತಿರುವಿಗೇ ಶುರುವಾಯಿತು, ಕೈ ಬಿಟ್ಟೊಡನೆ ಕೀ ಹಿಂದಕ್ಕೆ ಬಂತು, ಚಾರ್ಜಿಂಗ್ ದೀಪ ಆರಿತು. ಎಂಜಿನ್ ನಿಲ್ಲಿಸಿ ಇನ್ನೊಂದು ಪರೀಕ್ಷೆ: ಸೀಟಿನಲ್ಲೇ ಕುಳಿತು, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಮುಟ್ಟದೆ ಕೀ ತಿರುಗಿಸುತ್ತೇನೆ. ಸೆಲ್ಫ್ ಹೊಡೆಯಬಾರದು. ಹೊಡೆಯಲಿಲ್ಲ. ಕೀ ಸ್ಟಾರ್ಟ್ ಹಂತದಲ್ಲಿರುವಾಗ ಸ್ವಿಚ್ಚಿನ 30 ಮತ್ತು 50ರ ನಡುವೆ ಮತ್ತೆ ಅಳೆದರೆ ಮೀಟರ್ ಸೊನ್ನೆಯ ಹತ್ತಿರ ನಿಂತಿದೆ.

ಇನ್ನು ಕೀ ಗೊಂಚಲು. ಇದರಲ್ಲಿ ಮನೆಯ ಕೀ, ಶೆಡ್ಡಿನ ಕೀ, ಬಾಟಲಿ ತೆರೆಯುವ ಕೊಕ್ಕೆ ಎಲ್ಲ ಇತ್ತು. ದಿನವಿಡೀ ಅಲುಗಾಡುವ ಯಂತ್ರದಲ್ಲಿ ಈ ಭಾರ ಸ್ವಿಚ್ಚಿನ ಒಳಭಾಗವನ್ನು ಸವೆಸುತ್ತದೆ; ಹೊಸ ಕೀ ಒಂಟಿಯಾಗಿಯೇ ಇರಲಿ. ಟ್ರ್ಯಾಕ್ಟರ್ ತೊಳೆಯುವಾಗ ನೀರಿನ ಪೈಪನ್ನು ಡ್ಯಾಶ್‌ಬೋರ್ಡಿನತ್ತ ತಿರುಗಿಸಬೇಡಿ. ಅಂದಹಾಗೆ, ಎಷ್ಟೋ ಟ್ರ್ಯಾಕ್ಟರ್ ಮಾದರಿಗಳಿಗೆ ಒಂದೇ ಬಗೆಯ ಕೀ ಬರುತ್ತದೆ, ಒಬ್ಬರ ಕೀ ಇನ್ನೊಬ್ಬರ ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಹಾಗಾಗಿ ಕೀ ತೆಗೆದಿಟ್ಟರೆ ಕಳ್ಳರ ಭಯವಿಲ್ಲ ಎಂದುಕೊಳ್ಳಬೇಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ, ಸೆಲ್ಫ್ ಹೊಡೆಯುವಾಗಿನ ಕರೆಂಟು ತಡೆಯಬಲ್ಲ ಒಂದು ಐಸೊಲೇಟರ್ ಸ್ವಿಚ್ (ಬ್ಯಾಟರಿಯ ಸಂಪರ್ಕವನ್ನೇ ಕಡಿಯುವಂಥದು) ಹಾಕಿಸಿ, ಹೊರಗಿನವರ ಕಣ್ಣಿಗೆ ಬೀಳದ ಜಾಗದಲ್ಲಿ. ಅದನ್ನು ಎಂಜಿನ್ ನಿಂತ ಮೇಲಷ್ಟೇ ಆಫ್ ಮಾಡಿ. ಓಡುತ್ತಿರುವಾಗ ಬ್ಯಾಟರಿ ಕಳಚಿದರೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಡಬಹುದು.