‘ಓಂ ಶಾಂತಿ’ ಸಾಕು, ಒಂದು ವಿಷಯ ಹೇಳಿ

ಎಲ್ಲರಿಗೂ ನಮಸ್ಕಾರ. ಹೋದ ಎಪಿಸೋಡಲ್ಲಿ ನಮ್ಮೂರ ನೀರಗಂಟಿ ತಾತ ತೀರಿಕೊಂಡಿದ್ದರ ಬಗ್ಗೆ ಒಂದೆರಡು ಮಾತು ಆಡಿದ್ದೆ. ಅದರ ಕೆಳಗೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕಿದ್ದಾನೆ. ಓದ್ತೀನಿ ಕೇಳಿ. ‘ಬ್ರೋ, ಹಳ್ಳೀಲಿ ಮುದುಕರು ಸಾಯ್ತಾನೇ ಇರ್ತಾರೆ. ಓಂ ಶಾಂತಿ ಹಾಕಿ ಮುಂದಕ್ಕೆ ಹೋಗಿ. ಅವರ ಬಗ್ಗೆ ಹೇಳೋಕೆ ಏನಿರುತ್ತೆ?’

ಇದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕು ಬಿದ್ದಿದೆ. ಅದೊಂದು ಬೇರೆ ಸಂಕಟ.

ಏನಿರುತ್ತೆ ಅಂತೀಯಲ್ಲಪ್ಪ, ಕೂತ್ಕೊ, ಹೇಳ್ತೀನಿ. ಆ ಮುದುಕ ಬದುಕಿರೋವರೆಗೂ ನಮ್ಮ ಕೆರೆ ತೂಬು ಎತ್ತೋದು ಇಳಿಸೋದು ಅವನ ಕೈಯಲ್ಲಿತ್ತು. ಕೆರೆ ಅಚ್ಚುಕಟ್ಟಲ್ಲಿ ಯಾರ ಗದ್ದೆಗೆ ಯಾವ ಸರದಿ, ಯಾವ ಕಾಲುವೆ ಎಲ್ಲಿ ಸೋರುತ್ತೆ, ಕೆರೇಲಿ ಇಷ್ಟು ನೀರಿದ್ರೆ ಈ ಸಲ ಭತ್ತ ಹಾಕಬಹುದಾ ಇಲ್ಲ ರಾಗಿಗೇ ಸುಮ್ಮನಾಗಬೇಕಾ, ಎಲ್ಲಾ ತಲೇಲಿ ಇಟ್ಕೊಂಡಿದ್ದ. ನೀರು ಕಮ್ಮಿ ಇದ್ದ ವರ್ಷ ‘ಮೇಲಿನ ಬಯಲಿಗೆ ಮಾತ್ರ, ಕೆಳಗಿನೋರು ಸುಮ್ಕಿರಿ’ ಅಂತ ಅವನು ಹೇಳಿದ್ರೆ ಗೌಡರೂ ಕೇಳಬೇಕಿತ್ತು. ಸಂಬಳ ಅಂತ ಇರಲಿಲ್ಲ. ಸುಗ್ಗೀಲಿ ಕಣಕ್ಕೆ ಬಂದು ನಿಂತ್ರೆ ಮನೆಗಿಷ್ಟು ಕಾಳು ಅಳೆದು ಕೊಡ್ತಿದ್ರು. ಕಣದ ಹೊರಗೇ ನಿಲ್ಲಬೇಕಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ಯಾಕಂದ್ರೆ ಅದೂ ಅವನ ಬದುಕೇ. ಊರಿಗೆಲ್ಲ ನೀರು ಹಂಚಿದೋನು, ಊರ ಬಾವೀಲಿ ತಾನು ನೀರು ಸೇದೋ ಹಂಗಿರಲಿಲ್ಲ.

ಈಗ ಅವನ ಫ್ಲೆಕ್ಸಲ್ಲಿ ಏನಿತ್ತು ಗೊತ್ತಾ? ‘ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಹುಟ್ಟಿ ಬನ್ನಿ.’ ಜನನ ಜೂನ್ 1. ನಮ್ಮ ಹಳ್ಳಿಗಳಲ್ಲಿ ಆ ಕಾಲದೋರು ಅರ್ಧ ಜನ ಹುಟ್ಟಿರೋದೇ ಜೂನ್ 1ಕ್ಕೆ, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರಕೊಂಡ ತಾರೀಖು ಅದು. ಎಡಗಡೆ ಪಾರಿವಾಳ, ಬಲಗಡೆ ಗುಲಾಬಿ ಹೂವು, ಮಧ್ಯದಲ್ಲಿ ಆಧಾರ್ ಕಾರ್ಡಿಂದ ಎತ್ತಿದ ಫೋಟೋ. ಅದರ ಸುತ್ತ ಹನ್ನೆರಡು ಯುವ ಮುಖಂಡರು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ನಗ್ತಾ ನಿಂತಿದಾರೆ. ಸತ್ತೋನಿಗಿಂತ ಅವರ ಫೋಟೋನೇ ದೊಡ್ಡದು. ನೀರಗಂಟಿ ಅನ್ನೋ ಮಾತು ಎಲ್ಲೂ ಇಲ್ಲ. ಕೆರೆ ಇಲ್ಲ, ತೂಬು ಇಲ್ಲ.

ನಾನು ಕೇಳ್ತಿರೋದು ಇಷ್ಟೇ. ಯಾರಾದ್ರೂ ಸತ್ರೆ ಅವರ ಬಗ್ಗೆ ಒಂದೇ ಒಂದು ವಿಷಯ ಹೇಳಿ. ಒಂದು! ಏನು ಕೆಲಸ ಮಾಡ್ತಿದ್ರು, ಏನು ಗೊತ್ತಿತ್ತು ಅವರಿಗೆ. ಆಮೇಲೆ ಬೇಕಾದಷ್ಟು ಓಂ ಶಾಂತಿ ಹಾಕ್ಕೊಳಿ.

ಪೇಪರ್ ಏನು ಕಮ್ಮೀನಾ? ಜಿಲ್ಲಾ ಪುಟದಲ್ಲಿ ನಿಧನ ವಾರ್ತೆ ಓದಿ. ‘ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಎಲ್ಲರಿಗೂ ಅಪಾರ ಬಂಧು ಬಳಗ. ಆಸ್ಪತ್ರೇಲಿ ಒಬ್ಬನೇ ಮಲಗಿದ್ದಾಗ ಈ ಅಪಾರ ಬಳಗ ಎಲ್ಲಿತ್ತೋ. ಇನ್ನು ಹೆಂಗಸರು ಸತ್ರಂತೂ ಮುಗೀತು. ‘ದಿವಂಗತ ಇಂಥವರ ಧರ್ಮಪತ್ನಿ.’ ಎಪ್ಪತ್ತು ವರ್ಷ ಹೊಲ, ಕೊಟ್ಟಿಗೆ, ಒಲೆ ಮೂರನ್ನೂ ನಡೆಸಿದೋಳಿಗೆ ಸಿಕ್ಕಿದ ಬಿರುದು ಅದು.

ಇದಕ್ಕಿಂತ ಸರ್ಕಾರ ವಾಸಿ ಕಣ್ರೀ. ನಾನು ಸರ್ಕಾರವನ್ನ ಹೊಗಳ್ತಿದೀನಿ, ಕ್ಲಿಪ್ ಮಾಡ್ಕೊಳಿ, ಮತ್ತೆ ಸಿಗಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವಾದ 21 ದಿನದೊಳಗೆ ಬರೆಸಬೇಕಲ್ಲ, ಆ ಮರಣ ವರದಿ ಫಾರಂ ಯಾವತ್ತಾದ್ರೂ ಪೂರ್ತಿ ಓದಿದೀರಾ? ಮೃತರ ವೃತ್ತಿ ಏನು ಅಂತ ಕೇಳಿದೆ. ಬೀಡಿ ಸಿಗರೇಟು ಸೇದ್ತಿದ್ರಾ, ಎಷ್ಟು ವರ್ಷ? ಹೊಗೆಸೊಪ್ಪು ಎಷ್ಟು ವರ್ಷ? ಅಡಿಕೆ ಎಷ್ಟು ವರ್ಷ ಅಗಿದ್ರು? ಕುಡೀತಿದ್ರಾ, ಎಷ್ಟು ವರ್ಷ? ಅದೆಲ್ಲ ಅಂಕಿಅಂಶಕ್ಕೆ ಅಂತ ಕೇಳೋದು, ಒಪ್ಪಿದೆ. ಆದ್ರೂ ನಿಮ್ಮ ಫ್ಲೆಕ್ಸಿಗಿಂತ ಆ ಫಾರಮ್ಮಿಗೆ ನಿಮ್ಮಜ್ಜನ ಪರಿಚಯ ಜಾಸ್ತಿ ಇದೆ! ನಾಚಿಕೆ ಆಗಲ್ವಾ?

ಅದು ಬಿಟ್ರೆ ಸತ್ತೋರ ನೆನಪಾಗೋದು ಪೌತಿ ಖಾತೆ ಮಾಡಿಸುವಾಗ, ಅಂದ್ರೆ ಅವರ ಜಮೀನನ್ನ ವಾರಸುದಾರರ ಹೆಸರಿಗೆ ಬರೆಸುವಾಗ. ಆಗ ವಂಶವೃಕ್ಷ ಬೇಕು, ಮುತ್ತಜ್ಜನ ಹೆಸರು ಬೇಕು, ಅವನಿಗೆ ಎಷ್ಟು ಹೆಂಡ್ತೀರು ಅಂತ ಬೇಕು. ನಮ್ಮ ಪಹಣೀಲಿ ಈಗಲೂ ಮುತ್ತಜ್ಜನೇ ಬದುಕಿದಾನೆ. ಅವನ ಹೆಸರಲ್ಲೇ ಜಮೀನು. ಆದ್ರೆ ಅವನು ಹೆಂಗಿದ್ದ, ಯಾವ ಎತ್ತು ಕಟ್ಟಿದ್ದ, ಯಾರ ಜೊತೆ ಮಾತು ಬಿಟ್ಟಿದ್ದ, ಕೇಳಿದ್ರೆ ಮನೇಲಿ ಒಬ್ಬರಿಗೂ ಗೊತ್ತಿಲ್ಲ. ಸರ್ವೆ ನಂಬರ್ ಮಾತ್ರ ಬಾಯಿಪಾಠ.

ಒಂದು ನಿಮಿಷ. ಈ ಎಪಿಸೋಡಿಗೆ ಸ್ಪಾನ್ಸರ್ ಇಲ್ಲ. ಒಬ್ಬರು ಒಪ್ಪಿದ್ರು, ವಿಷಯ ಸಾವು ಅಂದ ತಕ್ಷಣ ಫೋನ್ ಎತ್ತೋದು ಬಿಟ್ರು. ಹಂಗಾಗಿ ನೀವೇ ದಿಕ್ಕು. ಕೆಳಗೆ ಮೆಂಬರ್‌ಶಿಪ್ ಬಟನ್ ಇದೆ, ತಿಂಗಳಿಗೆ ಒಂದು ಮಸಾಲೆ ದೋಸೆ ದುಡ್ಡು. ಒತ್ತಿ.

ಸರಿ. ಈಗ ಕೆಲವರು ಬರ್ತಾರೆ, ‘ಅಣ್ಣ, ಇದೆಲ್ಲ ಫಾರಿನ್ ಸಂಸ್ಕೃತಿ, ಸತ್ತೋರ ಬಗ್ಗೆ ಉದ್ದ ಬರೆಯೋದು ನಮ್ಮಲ್ಲಿ ಇಲ್ಲ’ ಅಂತ. ಅಯ್ಯೋ ದೇವರೇ. ನಿಮ್ಮೂರ ಹೊರಗೆ, ಬೇವಿನ ಮರದ ಕೆಳಗೆ ಒಂದು ಕಲ್ಲು ನಿಂತಿರುತ್ತಲ್ಲ, ಎಮ್ಮೆ ಮೈ ಉಜ್ಜುತ್ತಲ್ಲ, ಅದೇನು? ವೀರಗಲ್ಲು! ಕೆಳಗಿನ ಪಟ್ಟಿ ನೋಡಿ, ಅವನು ಹೆಂಗೆ ಸತ್ತ ಅಂತ ಕೆತ್ತಿರ್ತಾರೆ. ದನ ಹೊಡಕೊಂಡು ಹೋಗೋರ ಜೊತೆ ಕಾದಾಡಿ ಸತ್ತನಾ, ಊರು ಕಾಯ್ತಾ ಸತ್ತನಾ, ಹುಲಿ ಜೊತೇನಾ, ಹಂದಿ ಜೊತೇನಾ. ಮಧ್ಯದಲ್ಲಿ ಅಪ್ಸರೆಯರು ಎತ್ಕೊಂಡು ಹೋಗ್ತಾರೆ. ಮೇಲೆ ಶಿವನ ಹತ್ರ ಕೂತಿರ್ತಾನೆ. ನಿಮ್ಮ ‘ಓಂ ಶಾಂತಿ’ ಇರೋದು ಆ ಮೇಲಿನ ಪಟ್ಟೀಲಿ. ಕೆಳಗಿನ ಪಟ್ಟಿ ಎಲ್ಲಿ ಸ್ವಾಮಿ?

ಆತಕೂರು ಶಾಸನ ಕೇಳಿದೀರಾ? ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತನಲ್ಲ, ಆ ಕಾಲದ್ದು, ಸುಮಾರು ಕ್ರಿ.ಶ. 950. ಗಂಗರ ಬೂತುಗನ ಕಡೆ ಮಣಲೇರ ಅಂತ ಒಬ್ಬ ಶೂರ. ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಅಂತ ರಾಜ ಮೆಚ್ಚಿ ‘ಏನು ಬೇಕೋ ಕೇಳು’ ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಇವನು ಕಾಳಿ ಅನ್ನೋ ನಾಯಿ ಕೊಡಿ ಅಂದ! ಆಮೇಲೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ಕಾಳೀನ ಒಂದು ದೊಡ್ಡ ಹಂದಿ ಮೇಲೆ ಬಿಟ್ರು. ಹಂದಿ, ನಾಯಿ ಎರಡೂ ಸತ್ತವು. ಅದಕ್ಕೆ ಆತಕೂರಲ್ಲಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಜಮೀನು ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ನಾಯಿಯ ಪಾಪ ಅವನಿಗೇ ಅಂತ ಕೆತ್ತಿಸಿದ್ರು. ಕಲ್ಲು ಈಗ ಬೆಂಗಳೂರಲ್ಲಿ, ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಲ್ಲಿದೆ. ಹೋಗಿ ನೋಡಿ, ಕಬ್ಬನ್ ಪಾರ್ಕಲ್ಲಿ ರೀಲ್ಸ್ ಮಾಡೋಕೆ ಹೋದಾಗ ಪಕ್ಕದಲ್ಲೇ ಸಿಗುತ್ತೆ.

ನಾಯಿ ಸ್ವಾಮಿ, ನಾಯಿ! ಅದರ ಹೆಸರು, ಅದು ಎಲ್ಲಿಂದ ಬಂತು, ಎಲ್ಲಿ ಕಾದಾಡ್ತು, ಯಾರ ಜೊತೆ ಸತ್ತಿತು, ಸಾವಿರ ವರ್ಷ ಆದ್ಮೇಲೂ ನನಗೆ ಗೊತ್ತು. ಹೋದ ತಿಂಗಳು ಸತ್ತ ನಿಮ್ಮ ಪಕ್ಕದ ಮನೆ ಅಜ್ಜಿ ಬಗ್ಗೆ ನನಗೆ ಗೊತ್ತಿರೋದು ಗುಲಾಬಿ ಹೂವು ಒಂದೇ. ಫಾರಿನ್ ಸಂಸ್ಕೃತಿಯಂತೆ!

ಇನ್ನೊಂದು ವಾದ. ‘ಸಾಧನೆ ಮಾಡಿದೋರ ಬಗ್ಗೆ ಹೇಳ್ತಾರಲ್ಲ.’ ಹೇಳ್ತಾರೆ, ಪದ್ಮಶ್ರೀ ಬಂದ್ರೆ ಹೇಳ್ತಾರೆ. 2024ರ ಡಿಸೆಂಬರಲ್ಲಿ ತುಳಸಿ ಗೌಡ ಹೋದ್ರು, 2025ರ ಫೆಬ್ರವರೀಲಿ ಸುಕ್ರಿ ಬೊಮ್ಮಗೌಡ ಹೋದ್ರು. ಇಬ್ಬರೂ ಅಂಕೋಲಾ ತಾಲ್ಲೂಕಿನೋರು, ಇಬ್ಬರೂ ಹಾಲಕ್ಕಿ ಸಮುದಾಯದ ಹೆಣ್ಮಕ್ಕಳು. ಒಬ್ಬರಿಗೆ ಕಾಡಿನ ಬೀಜ ಗೊತ್ತು, ಇನ್ನೊಬ್ಬರಿಗೆ ಹಾಡು ಗೊತ್ತು. ಸುಕ್ರಜ್ಜಿ ಸಾರಾಯಿ ವಿರುದ್ಧ ಊರ ಹೆಂಗಸರನ್ನ ಎಬ್ಬಿಸಿದೋರು. ಅದೇ ವರ್ಷ ನವೆಂಬರಲ್ಲಿ ಸಾಲುಮರದ ತಿಮ್ಮಕ್ಕ. ಹುಲಿಕಲ್ಲಿಂದ ಕುದೂರಿನ ಕಡೆಗೆ ಆ ಆಲದ ಸಾಲು ನೋಡಿದೋರಿಗೆ ಅವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ, 2018ರಲ್ಲಿ ಹೋದ್ರು, ಹದಿನೈದು ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ಕೈ. ಇವರ ಬಗ್ಗೆ ಎಲ್ಲರಿಗೂ ಆ ಒಂದು ವಿಷಯ ಗೊತ್ತು. ಅದಕ್ಕೇ ನೆನಪಿದಾರೆ.

ಆದ್ರೆ ದಿಲ್ಲಿಯಿಂದ ಪತ್ರ ಬರೋಕೆ ಮುಂಚೆ ನರಸಮ್ಮನವರು ಹೆರಿಗೆ ಮಾಡಿಸ್ತಿರಲಿಲ್ವಾ? ನಿಮ್ಮಪ್ಪನ್ನ, ನಮ್ಮಪ್ಪನ್ನ ಭೂಮಿಗೆ ಇಳಿಸಿದ ಅಜ್ಜಿ ಯಾರು? ಹೆಸರು ಹೇಳಿ ನೋಡಣ. ಕಾಮೆಂಟಲ್ಲಿ ಹಾಕಿ. ಗೂಗಲ್ ಮಾಡಬೇಡಿ, ಅಲ್ಲಿಲ್ಲ.

‘ಸತ್ತೋರ ಬಗ್ಗೆ ಒಳ್ಳೇದು ಮಾತ್ರ ಆಡಬೇಕು’ ಅಂತ ಇನ್ನೊಬ್ಬರು. ಆಡಿ, ಯಾರು ಬೇಡ ಅಂದ್ರು? ಆದ್ರೆ ಸತ್ತೋರೆಲ್ಲ ‘ಕೊಡುಗೈ ದಾನಿ, ಅಜಾತಶತ್ರು’ ಆಗಿಬಿಟ್ರೆ ತಾಲ್ಲೂಕು ಕೋರ್ಟಲ್ಲಿ ಮೂವತ್ತು ವರ್ಷದಿಂದ ಬದುವಿನ ಕೇಸು ನಡೆಸ್ತಿದ್ದೋರು ಯಾರ್ರೀ? ಅವನು ಜಗಳಗಂಟ ಅಂತಲೇ ಹೇಳಿ. ‘ಈ ಮನುಷ್ಯ ಒಂದು ಹಲಸಿನ ಮರಕ್ಕೋಸ್ಕರ ಅಣ್ಣನ ಜೊತೆ ಸಾಯೋತನಕ ಮಾತಾಡಲಿಲ್ಲ, ಆದ್ರೆ ಪ್ರತಿ ವರ್ಷ ಮೊದಲ ಹಣ್ಣು ಅಣ್ಣನ ಜಗಲಿ ಮೇಲೆ ಇಟ್ಟು ಬರ್ತಿದ್ದ’ ಅಂತ ಹೇಳಿ. ಆಗ ಗೊತ್ತಾಗುತ್ತೆ ಅವನು ಯಾರು ಅಂತ. ಅಜಾತಶತ್ರು ಅಂದ್ರೆ ನನಗೆ ಹತ್ತನೇ ಕ್ಲಾಸು ಇತಿಹಾಸ ನೆನಪಾಗುತ್ತೆ, ಅದರಲ್ಲಿ ನಾನು ಜಸ್ಟ್ ಪಾಸು.

ಪ್ರೈವೆಸಿ ಅಂತೆ ಇನ್ನೊಬ್ಬರಿಗೆ. ಹಳ್ಳೀಲಿ ಪ್ರೈವೆಸಿ! ನಿಮ್ಮನೇಲಿ ಕೋಳಿ ಕೊಯ್ದ್ರೆ ಮಸಾಲೆ ವಾಸನೇಲೇ ಯಾವ ನೆಂಟರು ಬಂದಿದಾರೆ ಅಂತ ಹೇಳೋ ಊರಲ್ಲಿ. ಮುಂದೆ ನಡೀರಿ.

ಬರೆಯೋಕೆ ಬರಲ್ಲ ಅಂತೀರಾ? ಯಾರು ಬರೀರಿ ಅಂದಿದ್ದು? ನಮ್ಮ ಹೆಂಗಸರು ಹೆಣದ ಮುಂದೆ ಹೇಳ್ಕೊಂಡು ಅಳ್ತಾರಲ್ಲ, ಅದನ್ನ ಯಾವತ್ತಾದ್ರೂ ಕಿವಿಗೊಟ್ಟು ಕೇಳಿದೀರಾ? ‘ಬರದ ವರ್ಷ ತಲೆ ಮೇಲೆ ರಾಗಿ ಹೊತ್ಕೊಂಡು ಬಂದ್ಯಲ್ಲಪ್ಪೋ, ಆಸ್ಪತ್ರೆ ಬಾಗಿಲಲ್ಲಿ ಮೂರು ರಾತ್ರಿ ಕೂತಿದ್ಯಲ್ಲಪ್ಪೋ.’ ಪೂರ್ತಿ ಜೀವನ ಚರಿತ್ರೆ ಅದು! ಯಾವ ವರ್ಷ, ಯಾವ ಊರು, ಯಾರಿಗೆ ಏನು ಕೊಟ್ಟ, ಯಾರು ಅವನಿಗೆ ಮೋಸ ಮಾಡಿದ್ರು, ಅವರೂ ಅಲ್ಲೇ ಮುಖ ಕೆಳಗೆ ಹಾಕಿ ಕೂತಿರ್ತಾರೆ, ಎಲ್ಲಾ ಬರುತ್ತೆ. ಗಂಡಸರು ಆಚೆ ಚಪ್ಪರದಲ್ಲಿ ಶಾಮಿಯಾನ ರೇಟು ಮಾತಾಡ್ತಾ, ಸ್ಟೇಟಸ್‌ಗೆ ಓಂ ಶಾಂತಿ ಟೈಪ್ ಮಾಡ್ತಾ ಇರ್ತಾರೆ. ಅದೂ ಕಾಪಿ ಪೇಸ್ಟು.

ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಹೆಂಗೆ ನೆನಪಾಗುತ್ತೆ? ಅಜ್ಜನಿಗೆ ಇಂಥ ಬೀಡೀನೇ ಆಗಬೇಕು, ಬೆಂಕಿಪೊಟ್ಟಣ ಮರೀಬೇಡ, ದೊಡ್ಡಪ್ಪನಿಗೆ ಕ್ವಾರ್ಟರ್ ಇಡು, ಅಜ್ಜಿಗೆ ಎಲೆಅಡಿಕೆ ಜೊತೆ ಸುಣ್ಣದ ಡಬ್ಬಿ, ಖಾರ ಜಾಸ್ತಿ ಹಾಕಿದ ಬೋಟಿ ಗೊಜ್ಜು. ಅಲ್ಲಿ ಒಂದು ತಪ್ಪಾಗಲ್ಲ! ಬಾಗಿಲು ಹಾಕ್ಕೊಂಡು ಸತ್ತೋರು ಬಂದು ಉಣ್ಣಲಿ ಅಂತ ಕಾಯ್ತೀರಿ. ಅಷ್ಟು ಗೊತ್ತಿದೆಯಲ್ಲ ನಿಮಗೆ, ಅದನ್ನೇ ಬಾಯಿಬಿಟ್ಟು ಹೇಳಿ ಅಂತಿರೋದು! ಹನ್ನೊಂದನೇ ದಿನ ತಿಥಿಗೆ ಐನೂರು ಜನಕ್ಕೆ ಬಾಡೂಟ ಹಾಕ್ತೀರಿ, ಸಾಲ ಮಾಡಿ. ಉಂಡೋರಿಗೆ ಮೂಳೆ ಎಷ್ಟಿತ್ತು ಅನ್ನೋದು ನೆನಪಿರುತ್ತೆ, ಯಾರ ತಿಥಿ ಅಂತ ನೆನಪಿರಲ್ಲ. ಪಂಕ್ತಿ ಕೂರೋಕೆ ಮುಂಚೆ ಒಬ್ಬರು ಎದ್ದು ನಿಂತು ಒಂದು ವಿಷಯ ಹೇಳಿದ್ರೆ ಮುದ್ದೆ ಆರಿಹೋಗುತ್ತಾ? ಆರಿಹೋಗುತ್ತಾ ಹೇಳಿ! ಮುದ್ದೆ ಅಷ್ಟು ಬೇಗ ಆರಲ್ಲ, ನನಗೆ ಗೊತ್ತು, ಮುದ್ದೆ ಬಗ್ಗೆನೇ ಒಂದು ಎಪಿಸೋಡ್ ಮಾಡಿದೀನಿ, ಲಿಂಕ್ ಮೇಲೆ ಬರುತ್ತೆ, ಇನ್ನೂ ನೋಡಿಲ್ಲ ಅಂದ್ರೆ ನೀವು ನಮ್ಮೋರೇ ಅಲ್ಲ.

ಇನ್ನೂ ಒಂದಷ್ಟು ಪಾಯಿಂಟ್ ಬರ್ಕೊಂಡಿದ್ದೆ. ಇಲ್ಲೇನೋ ‘ಮಸಣದ ಬೇಲಿ, ಮುಖ್ಯ’ ಅಂತಿದೆ. ಎರಡು ಗೀಟು ಬೇರೆ ಎಳೆದಿದೀನಿ. ಯಾಕೆ ಬರೆದೆನೋ ಗೊತ್ತಾಗ್ತಿಲ್ಲ. ಬಿಡಿ. ವಿಷಯ ಅದೇ, ಒಂದು ವಿಷಯ ಹೇಳಿ. ಅದಕ್ಕೆ ಕಾರಣ ಏನು ಅಂತ ಮತ್ತೆ ಕೇಳಬೇಡಿ, ಹೇಳಿ ಅಂದ್ರೆ ಹೇಳಿ ಅಷ್ಟೇ. ನಾಯಿಗೆ ಹೇಳಿದಾರೆ, ಮನುಷ್ಯರಿಗೆ ಹೇಳೋಕೇನು ರೋಗ?

ಒಂದು ಕೆಲಸ ಮಾಡಣ. ನಿಮ್ಮೂರಲ್ಲಿ ಇತ್ತೀಚೆಗೆ ಹೋದೋರ ಬಗ್ಗೆ ನಿಮಗೆ ಗೊತ್ತಿರೋ ಒಂದು ವಿಷಯ ವಾಯ್ಸ್ ನೋಟ್ ಮಾಡಿ ಕಳಿಸಿ, ಮನೆಯೋರನ್ನ ಒಂದು ಮಾತು ಕೇಳಿಕೊಂಡು. ಪ್ರತಿ ಎಪಿಸೋಡ್ ಕೊನೇಲಿ ಒಂದೊಂದು ಹಾಕ್ತೀನಿ. ಒಂದು ನಿಮಿಷ ಮೀರಬಾರದು. ‘ಅವರು ತುಂಬಾ ಒಳ್ಳೆಯವರು’ ಅಂತ ಶುರು ಮಾಡಿದ್ರೆ ಅಲ್ಲೇ ಡಿಲೀಟ್. ಹಿನ್ನೆಲೆ ಸಂಗೀತ ಹಾಕಬೇಡಿ, ಆ ಕೊಳಲು ಕೇಳಿ ಕೇಳಿ ನನಗೆ ಜ್ವರ ಬಂದಿದೆ.

ಮತ್ತೆ ಫ್ಲೆಕ್ಸ್ ಅಂಗಡಿ ನಡೆಸೋರು ಯಾರಾದ್ರೂ ಕೇಳ್ತಿದ್ರೆ, ಅಣ್ಣಾ, ಆ ಟೆಂಪ್ಲೇಟಲ್ಲಿ ಫೋಟೋ ಕೆಳಗೆ ಎರಡು ಗೆರೆ ಜಾಗ ಬಿಡಿ, ಗಿರಾಕಿ ಹತ್ರ ‘ಏನು ಕೆಲಸ ಮಾಡ್ತಿದ್ರು’ ಅಂತ ನೀವೇ ಕೇಳಿ ಬರೀರಿ. ಜಾಗ ಸಾಲಲ್ಲ ಅಂದ್ರೆ ಯುವ ಮುಖಂಡರನ್ನ ಹನ್ನೆರಡರಿಂದ ನಾಲ್ಕಕ್ಕೆ ಇಳಿಸಿ. ಗುಲಾಬಿ ತೆಗೀರಿ. ಪಾರಿವಾಳ ಇರಲಿ. ಇಲ್ಲ, ಪಾರಿವಾಳನೂ ತೆಗೀರಿ.