ತಣ್ಣನೆ ಗಾಳಿ ಬೇರೆ, ಹೊಸ ಗಾಳಿ ಬೇರೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ನಾನು ಕಟ್ಟಡಗಳಿಗೆ ಎಸಿ ಮತ್ತು ಗಾಳಿಯ ವ್ಯವಸ್ಥೆ ಮಾಡಿಕೊಡುವ ಎಂಜಿನಿಯರ್. ಡಾಕ್ಟರ್ ಅಲ್ಲ. ಆದರೆ ಇಪ್ಪತ್ತು ವರ್ಷದಿಂದ ಜನ ಉಸಿರಾಡುವ ಗಾಳಿಯ ಜೊತೆಗೇ ನನ್ನ ಕೆಲಸ.

ಈ ಮೇಜಿನ ಮೇಲೆ ಒಂದು ಬಿಳಿ ಡಬ್ಬಿ ಇದೆ, ನೋಡಿ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುವ ಮೀಟರ್ ಇದು. ನೀವೆಲ್ಲ ಬರುವ ಮುಂಚೆ, ಕಿಟಕಿ ತೆರೆದಿದ್ದಾಗ, 460 ಇತ್ತು. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 460 ಪಾಲು. ಇದನ್ನು ಪಿಪಿಎಂ ಅಂತಾರೆ. ಹೊರಗಿನ ಗಾಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಮೇಲೆ ಬೀದಿಯ ಸದ್ದು ಬರದಿರಲಿ ಅಂತ ಕಿಟಕಿ ಮುಚ್ಚಿ ಎಸಿ ಹಾಕಿದರು. ಈಗ 810. ಡಬ್ಬಿ ಇಲ್ಲೇ ಇರಲಿ, ಆಗಾಗ ನೋಡೋಣ.

ಮೊದಲು ನಮ್ಮ ಅಜ್ಜಿಯ ವಿಷಯ ಹೇಳಬೇಕು. ಅವರ ಮನೆ ಹಾಸನದ ಕಡೆ ಹಳ್ಳಿಯಲ್ಲಿ. ಅಡುಗೆಮನೆಗೆ ಒಂದೇ ಬೆಳಕಿಂಡಿ, ಅದೂ ಅಂಗೈಯಗಲ. ಮಳೆಗಾಲದಲ್ಲಿ ಸೌದೆ ಹಸಿ. ಹತ್ತಿಕೊಳ್ಳುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ. ಅಜ್ಜಿ ಕುಕ್ಕರಗಾಲಲ್ಲಿ ಕೂತು, ಊದುಗೊಳವೆ ಹಿಡಿದು ಊದುತ್ತಿದ್ದರು. ಒಂದು ಸಲ ಊದಿ, ಮುಖ ಪಕ್ಕಕ್ಕೆ ತಿರುಗಿಸಿ, ಸೆರಗಲ್ಲಿ ಕಣ್ಣೊರೆಸಿ, ಮತ್ತೆ ಊದುವುದು. ಮೇಲೆ ಅಟ್ಟದ ತೊಲೆಯಿಂದ ಇಲ್ಲಣ ಕಪ್ಪು ದಾರದ ಹಾಗೆ ನೇತಾಡುತ್ತಿತ್ತು. ಅದರಿಂದ ಒಂದು ಎಳೆ ಹಿಟ್ಟಿನ ಮೇಲೆ ಬಿದ್ದರೆ ಎರಡು ಬೆರಳಲ್ಲಿ ಎತ್ತಿ ಹಾಕುತ್ತಿದ್ದರು. ಅರವತ್ತು ದಾಟಿದ ಮೇಲೆ ಅವರಿಗೆ ಹತ್ತು ಹೆಜ್ಜೆ ನಡೆದರೆ ಏದುಸಿರು. ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಎಕ್ಸ್‌ರೇ ನೋಡಿ ಕೇಳಿದರು: "ಎಷ್ಟು ವರ್ಷದಿಂದ ಬೀಡಿ ಸೇದ್ತಿದ್ದೀರಿ?" ಅಜ್ಜಿಗೆ ಅವಮಾನವಾಯಿತು. ಮನೆಗೆ ಬಂದ ಮೇಲೂ ಎರಡು ದಿನ ಅದನ್ನೇ ಹೇಳುತ್ತಿದ್ದರು.

ಅಜ್ಜಿ ಬೀಡಿ ಮುಟ್ಟಿದವರಲ್ಲ. ಐವತ್ತು ವರ್ಷ ಒಲೆ ಊದಿದ್ದರು, ಅಷ್ಟೇ.

ಸೌದೆಯ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಪಿಎಂ 2.5 ಅಂತ ಪೇಪರಿನಲ್ಲಿ ಓದಿರುತ್ತೀರಿ. ನಮ್ಮ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೇ ಒಂದು ಪಾಲು. ಮೂಗಿನ ಕೂದಲು ಇದನ್ನು ತಡೆಯಲಾರದು. ಅದು ಶ್ವಾಸಕೋಶದ ತುದಿಯವರೆಗೂ ಹೋಗಿ ಕೂರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇದು ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಸೌದೆ ಒಲೆಯ ಮುಚ್ಚಿದ ಅಡುಗೆಮನೆಯಲ್ಲಿ ಅಡುಗೆಯ ಹೊತ್ತಿಗೆ ಸಾವಿರ ದಾಟುವುದೂ ಉಂಟು. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 32 ಲಕ್ಷ ಜನ ತೀರಿಕೊಂಡರು ಅನ್ನುವುದು ಅದೇ ಸಂಸ್ಥೆಯ ಅಂದಾಜು. ಅದರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಐದು ವರ್ಷ ತುಂಬದ ಮಕ್ಕಳು. ಅಮ್ಮನ ಸೊಂಟದ ಮೇಲೆ, ಒಲೆಯ ಪಕ್ಕದಲ್ಲೇ ಬೆಳೆಯುವ ಮಕ್ಕಳು ಇವರು.

ಇದಕ್ಕೆ ಪರಿಹಾರ ಹುಡುಕಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ಅಲ್ಲಿ ಹುಟ್ಟಿದ್ದೇ ಅಸ್ತ್ರ ಒಲೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಸೌದೆಯೂ ಉಳಿಯುತ್ತಿತ್ತು, ಕಣ್ಣೂ ಉಳಿಯುತ್ತಿತ್ತು. ಹೊಗೆಗೆ ಮನೆಯಿಂದ ಆಚೆ ಹೋಗಲು ದಾರಿ ಮಾಡಿಕೊಟ್ಟರು ನೋಡಿ, ನನ್ನ ಇವತ್ತಿನ ಮಾತೆಲ್ಲ ಅದರಲ್ಲೇ ಇದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂತು. ಆದರೆ ಸಿಲಿಂಡರ್ ಖಾಲಿಯಾದಾಗ ತುಂಬಿಸಲು ದುಡ್ಡಿಲ್ಲದ ಮನೆಯಲ್ಲಿ ಮತ್ತೆ ಸೌದೆ ಒಲೆ ಹತ್ತುತ್ತದೆ. ನೀರು ಕಾಯಿಸಲು, ಮುದ್ದೆ ತೊಳಸಲು ಇವತ್ತಿಗೂ ಸೌದೆಯೇ ಉರಿಯುವ ಮನೆಗಳಿವೆ.

ಪೇಟೆಯವರು 'ನಮ್ಮಲ್ಲಿ ಹೊಗೆ ಎಲ್ಲಿದೆ' ಅಂದುಕೊಳ್ಳಬೇಡಿ. ಗ್ಯಾಸ್ ಒಲೆಯ ಮೇಲೆ ಬಾಣಲೆ ಇಟ್ಟು, ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದರೆ ರೂಮಿನಲ್ಲಿ ಮಲಗಿದ್ದವರಿಗೂ ಕೆಮ್ಮು ಬರುತ್ತದೆ, ಅಲ್ವಾ? ನಮ್ಮ ಮನೆಯಲ್ಲಿ ಒಂದು ದಿನ ಕಣ ಅಳೆಯುವ ಮೀಟರ್ ಇಟ್ಟು ನೋಡಿದೆ. ಒಗ್ಗರಣೆಗೆ ಮುಂಚೆ 28 ಮೈಕ್ರೋಗ್ರಾಂ. ಎರಡು ನಿಮಿಷದಲ್ಲಿ 310. ಕಿಟಕಿ ಮುಚ್ಚಿಕೊಂಡೇ ಇದ್ದಾಗ ಅದು ಇಳಿಯಲು ಮುಕ್ಕಾಲು ಗಂಟೆ ಬೇಕಾಯಿತು. ಮಾರನೆಯ ದಿನ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಹತ್ತು ನಿಮಿಷ ಸಾಕಾಯಿತು. ಈಗ ಎಲ್ಲರೂ ಒಲೆ ಮೇಲೆ ಚಿಮ್ನಿ ಹಾಕಿಸುತ್ತಾರೆ. ದಯವಿಟ್ಟು ಅದರ ಪೈಪು ಎಲ್ಲಿಗೆ ಹೋಗಿದೆ ಅಂತ ಒಂದು ಸಲ ನೋಡಿ. ಪೈಪೇ ಇಲ್ಲದ ಚಿಮ್ನಿಗಳೂ ಇವೆ. ಅವು ಎಣ್ಣೆ ಜಿಡ್ಡು ಹಿಡಿದುಕೊಂಡು, ಉಳಿದ ಗಾಳಿಯನ್ನು ವಾಪಸ್ ನಿಮ್ಮ ಮುಖಕ್ಕೇ ಬಿಡುತ್ತವೆ.

ಸೊಳ್ಳೆ ಬತ್ತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಕಣ ಬರುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದನ್ನು ನಾವು ಹಚ್ಚುವುದು ಮಗು ಮಲಗಿದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಕಿಟಕಿಗೆ ಜಾಲರಿ ಹಾಕಿಸಿ, ಮಗುವಿಗೆ ಸೊಳ್ಳೆಪರದೆ ಕಟ್ಟಿ. ದೇವರ ಮುಂದೆ ಊದುಬತ್ತಿ ಹಚ್ಚುವಾಗಲೂ ಪಕ್ಕದ ಕಿಟಕಿ ತೆರೆದಿರಲಿ.

ಈಗ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ವಿಷಯ. ಬಚ್ಚಲಲ್ಲಿ ಗ್ಯಾಸ್ ಗೀಸರ್. ಬೆಂಗಳೂರಿನಲ್ಲಿ ಇದರಿಂದ ಸತ್ತವರ ಸುದ್ದಿ ವರ್ಷ ವರ್ಷವೂ ಓದುತ್ತೇವೆ. ಆಗುವುದು ಇಷ್ಟು. ಚಳಿ ಅಂತ ಬಚ್ಚಲಿನ ಕಿಂಡಿ ಮುಚ್ಚುತ್ತೇವೆ. ಒಳಗೆ ಗೀಸರ್ ಉರಿಯುತ್ತದೆ. ಉರಿಗೆ ಆಮ್ಲಜನಕ ಸಾಲದೆ ಹೋದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತುತ್ತದೆ, ಕಾಲು ಕುಸಿಯುತ್ತದೆ. ಚಿಲಕ ಒಳಗಿನಿಂದ ಹಾಕಿರುತ್ತದೆ. ನಲ್ಲಿ ಸದ್ದು ಕೇಳುತ್ತಲೇ ಇರುವುದರಿಂದ ಹೊರಗಿನವರಿಗೆ ಸ್ನಾನ ನಡೆಯುತ್ತಿದೆ ಅಂತಲೇ ಅನಿಸುತ್ತದೆ. ಗ್ಯಾಸ್ ಗೀಸರ್ ಇರುವವರು ಇವತ್ತೇ ಪ್ಲಂಬರ್‌ಗೆ ಫೋನ್ ಮಾಡಿ ಅದನ್ನು ಬಚ್ಚಲಿನಿಂದ ಆಚೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಚಳಿಗಾಲದಲ್ಲಿ ಕೋಣೆಯೊಳಗೆ ಇದ್ದಿಲು ಕೆಂಡ ಇಟ್ಟುಕೊಂಡು ಮಲಗುವುದೂ ಇಷ್ಟೇ ಅಪಾಯ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ಮನೆಗಳಿಗೆ ಇದನ್ನು ಹೇಳಿ.

ಡಬ್ಬಿ ಈಗ 1,180 ಅಂತಿದೆ.

ಇದು ಯಾಕೆ ಏರುತ್ತಿದೆ? ಈ ಹಾಲ್ 40 ಅಡಿ ಉದ್ದ, 25 ಅಡಿ ಅಗಲ, 12 ಅಡಿ ಎತ್ತರ. ಅಂದರೆ ಸುಮಾರು 3 ಲಕ್ಷ 40 ಸಾವಿರ ಲೀಟರ್ ಗಾಳಿ. ಸುಮ್ನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಇಲ್ಲಿ 60 ಜನ ಇದ್ದೇವೆ. ಎಲ್ಲ ಬಿಗಿಯಾಗಿ ಮುಚ್ಚಿದ್ದರೆ ಒಂದು ಗಂಟೆಯಲ್ಲಿ 3,000 ಪಿಪಿಎಂ ಏರುತ್ತದೆ. 'ಎಸಿ ಓಡುತ್ತಿದೆಯಲ್ಲ ಸಾರ್' ಅಂತ ನನಗೆ ಎಲ್ಲ ಕಡೆ ಹೇಳುತ್ತಾರೆ. ಗೋಡೆಯ ಮೇಲಿನ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಲೋಟ ಗಾಳಿಯನ್ನೂ ತರುವುದಿಲ್ಲ. ಹೊರಗೆ ಇಟ್ಟ ಡಬ್ಬಕ್ಕೂ ಒಳಗಿನದಕ್ಕೂ ನಡುವೆ ಇರುವುದು ತಾಮ್ರದ ಕೊಳವೆ. ಅದರಲ್ಲಿ ಓಡಾಡುವುದು ರೆಫ್ರಿಜರೆಂಟ್, ಅಂದರೆ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ವಸ್ತು, ಗಾಳಿ ಅಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ತಣ್ಣಗಿರುವುದರಿಂದ ಹೊಸ ಗಾಳಿ ಅಂತ ನಮಗೆ ಅನಿಸುತ್ತದೆ.

ಮ್ಯೂನಿಕ್‌ನ ಪೆಟ್ಟೆನ್‌ಕೋಫರ್ ಅನ್ನುವ ವಿಜ್ಞಾನಿ 1858ರಲ್ಲೇ ಕೋಣೆಯಲ್ಲಿ 1,000 ಪಿಪಿಎಂ ದಾಟಬಾರದು ಅಂದಿದ್ದರು. ಇಷ್ಟರ ಮಟ್ಟದ ಕಾರ್ಬನ್ ಡೈಆಕ್ಸೈಡ್ ವಿಷ ಅಂತ ಅಲ್ಲ. ಅದು ಏರಿದೆ ಅಂದರೆ ಜನರ ಉಸಿರು ಆಚೆ ಹೋಗದೆ ಅಲ್ಲೇ ನಿಂತಿದೆ ಅಂತ ಗೊತ್ತಾಗುತ್ತದೆ. ನಮ್ಮ ಹೊರಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ. ಮೀಟರ್ 1,400 ಮುಟ್ಟಿದಾಗ ಲೆಕ್ಕ ಹಾಕಿ: ನಾವು ಎಳೆದುಕೊಳ್ಳುವ 100 ಲೀಟರ್‌ನಲ್ಲಿ ಸುಮಾರು ಎರಡೂವರೆ ಲೀಟರ್ ಈಗಾಗಲೇ ಈ ಕೋಣೆಯಲ್ಲಿರುವ ಯಾರದೋ ಶ್ವಾಸಕೋಶದೊಳಗೆ ಹೋಗಿ ಬಂದದ್ದು. ಕ್ಷಯ, ದಡಾರ, ಕೊರೋನ, ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ.

ಬೆಂಗಳೂರಿನ ಒಂದು ಆಫೀಸಿಗೆ ಹೋಗಿದ್ದೆ. ಮಧ್ಯಾಹ್ನ ಮೂರಾದರೆ ಎಲ್ಲರಿಗೂ ತೂಕಡಿಕೆ, ತಲೆನೋವು, ಕಣ್ಣುರಿ. ಊಟ ಜಾಸ್ತಿಯಾಯಿತು ಅಂತ ಮ್ಯಾನೇಜರ್ ಹೇಳಿದರು. ಹನ್ನೆರಡು ಜನ ಕೂತಿದ್ದ ಮೀಟಿಂಗ್ ರೂಮಿನಲ್ಲಿ ಮೀಟರ್ ಇಟ್ಟೆ. 2,600. ಮೇಲೆ ಹತ್ತಿ ನೋಡಿದರೆ ಹೊರಗಿನ ಗಾಳಿ ಬರುವ ಡ್ಯಾಂಪರ್, ಅಂದರೆ ಗಾಳಿ ಕೊಳವೆಯ ಬಾಗಿಲನ್ನು, ಪೂರ್ತಿ ಮುಚ್ಚಿ, ಅದಕ್ಕೆ ಟೇಪ್ ಸುತ್ತಿದ್ದರು. ಕರೆಂಟ್ ಬಿಲ್ ಉಳಿಸಲು ಯಾರೋ ಮಾಡಿದ ಕೆಲಸ. ಟೇಪ್ ಕಿತ್ತೆವು. ಮಾರನೆಯ ದಿನ ಅದೇ ಹೊತ್ತಿಗೆ 950. ಒಂದು ವಾರದ ಮೇಲೆ ಅಲ್ಲಿನ ಹುಡುಗಿಯೊಬ್ಬಳು ಫೋನ್ ಮಾಡಿ, "ಸಾರ್, ಮಾತ್ರೆ ತಗೊಳ್ಳೋದು ಬಿಟ್ಟೆ" ಅಂದಳು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಹಾರ್ವರ್ಡ್‌ನ ಜೋಸೆಫ್ ಅಲೆನ್ ತಂಡ 24 ಜನರನ್ನು ಆರು ದಿನ ಬೇರೆ ಬೇರೆ ಗಾಳಿಯಲ್ಲಿ ಕೂರಿಸಿ ಯೋಚನಾಶಕ್ತಿಯ ಪರೀಕ್ಷೆ ಮಾಡಿತು. ಬಣ್ಣ, ಪ್ಲೈವುಡ್, ಅಂಟಿನಿಂದ ಬರುವ ರಾಸಾಯನಿಕ ಕಡಿಮೆ ಮಾಡಿದ ದಿನ ಅಂಕ ಶೇ. 61 ಜಾಸ್ತಿ. ಜೊತೆಗೆ ಹೊಸ ಗಾಳಿಯನ್ನೂ ಹೆಚ್ಚಿಸಿದ ದಿನ ಶೇ. 101 ಜಾಸ್ತಿ. ಇದು ಸಣ್ಣ ಪ್ರಯೋಗ ಅಂತಲೂ ಹೇಳಬೇಕು. ಅಮೆರಿಕದ ಸಬ್‌ಮೆರಿನ್ ನಾವಿಕರ ಮೇಲೆ ಬರೀ ಕಾರ್ಬನ್ ಡೈಆಕ್ಸೈಡ್ ಏರಿಸಿ ನೋಡಿದಾಗ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಒಂದು ಅನಿಲದ ಮೇಲೆ ತಪ್ಪು ಹೊರಿಸುವುದು ಬೇಡ. ಗಾಳಿ ನಿಂತಾಗ ಅದರ ಜೊತೆ ಎಲ್ಲವೂ ನಿಲ್ಲುತ್ತದೆ: ಬೆವರಿನ ವಾಸನೆ, ಹೊಸ ಕಪಾಟಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ, ಕೆಮ್ಮಿದವರ ತುಂತುರು. ಎಸಿ ಕ್ಲಾಸ್‌ರೂಂ ಅಂತ ಜಾಹೀರಾತು ಕೊಡುವ ಶಾಲೆಗೆ ಮಗುವನ್ನು ಸೇರಿಸುವ ಮುಂಚೆ, ಹೊಸ ಗಾಳಿ ಎಲ್ಲಿಂದ ಬರುತ್ತದೆ ಅಂತ ಕೇಳಿ. ಅದು ಅಪ್ಪ ಅಮ್ಮನ ಹಕ್ಕು.

ಕಿಟಕಿ ತೆಗೆದರೆ ಧೂಳು ಬರುತ್ತದಲ್ಲ ಅಂತ ಕೇಳುತ್ತೀರಿ. ನಿಜ. ರಸ್ತೆ ಕಡೆಯದು ಬಿಟ್ಟು ಹಿಂದುಗಡೆಯ ಕಿಟಕಿ ತೆಗೆಯಿರಿ, ಟ್ರಾಫಿಕ್ ಇಳಿದ ಹೊತ್ತು ನೋಡಿ. ಎದುರುಬದುರು ಎರಡು ಕಿಟಕಿ ಹತ್ತು ನಿಮಿಷ ತೆರೆದರೂ ಕೋಣೆಯ ಗಾಳಿ ಬಹುಪಾಲು ಬದಲಾಗುತ್ತದೆ. ಏರ್ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಒಳ್ಳೆಯದೇ. ಆದರೆ ಕಾರ್ಬನ್ ಮೊನಾಕ್ಸೈಡನ್ನು ಅದು ಹಿಡಿಯದು. ಮನಿ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧ ಅನ್ನುವುದನ್ನು ನಂಬಬೇಡಿ. ಕಣ್ಣಿಗೆ ಚೆನ್ನಾಗಿರುತ್ತದೆ, ಇಡಿ. ಗಾಳಿಗೆ ಲೆಕ್ಕಕ್ಕೆ ಬರಬೇಕಾದರೆ ಮನೆ ಕಾಡಾಗಬೇಕು. ಮಲೆನಾಡಿನವರು ಮಳೆಗಾಲದಲ್ಲಿ ಗೋಡೆಯ ಬೂಷ್ಟಿಗೆ ಬರೀ ಬಣ್ಣ ಹೊಡೆಯಬೇಡಿ. ಮೊದಲು ನೀರು ಸೋರುವ ಜಾಗ ಹುಡುಕಿ. ಉಬ್ಬಸ ಇರುವ ಮಕ್ಕಳಿಗೆ ಆ ಬೂಷ್ಟೇ ಶತ್ರು.

ಡಬ್ಬಿ 1,430. ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದ್ದನ್ನು ನೋಡಿದೆ. ಆ ಎರಡು ಕಿಟಕಿ ತೆಗೆಯುತ್ತೀರಾ ತಮ್ಮಾ? ಈ ಕಡೆಯದನ್ನೂ ತೆಗೆದುಬಿಡಿ, ಗಾಳಿ ಅಡ್ಡ ಹಾಯಲಿ.

1,390. 1,310. ನೋಡ್ತಾ ಇರಿ. 1,240.

ಬಸ್ಸಿನ ಸದ್ದು ಬರುತ್ತಿದೆ, ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ಅಲ್ಲಿ ಒಬ್ಬರು ಅಮ್ಮ ಆಗಲೇ ಕೈ ಎತ್ತಿದ್ದರು, ಗೀಸರ್ ವಿಷಯ ಹೇಳುವಾಗ. ಹೇಳಿ ಅಮ್ಮ, ನಿಮ್ಮ ಮನೆಯಲ್ಲಿ ಅದು ಎಲ್ಲಿದೆ?